ದೂರದ ನಗರ, ಹತ್ತಿರದ ಊರು

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ನಾಣ್ಣುಡಿ. ಅರ್ಧ ಶತಮಾನದ ಹಿಂದೆ ದಾವಣಗೆರೆಯ ಸಾಮಾನ್ಯ ಕುಟುಂಬಕ್ಕೆ ದೇಶ ಸುತ್ತುವುದೆಂದರೆ ಶ್ರೀಶೈಲಕ್ಕೋ ಕೂಡಲಸಂಗಮಕ್ಕೋ ಹೋಗಿಬರುವುದಾಗಿತ್ತು. ಇಂದು ಕಾಲ ಬದಲಾಗಿದೆ. ೧೯೫೧ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, ೧೯೬೫ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ನಾಡಿಗೆ ಇಂಜಿನಿಯರರನ್ನೂ ವೈದ್ಯರನ್ನೂ ಕೊಟ್ಟಂತೆ ಹೊರದೇಶಗಳಿಗೂ ಕೊಟ್ಟಿವೆ. ಮಕ್ಕಳು ನೆಲೆಸಿದ ಕಡೆಗೆ ತಂದೆತಾಯಿಗಳು ಹೋಗಿ ನಾಲ್ಕು ತಿಂಗಳಿದ್ದು ಬರುವುದು ಈಗ ಅಪರೂಪದ ಮಾತಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ಅಂಥ ನಗರಗಳಲ್ಲೊಂದು. ಹೋಗಿಬಂದವರು ಅಲ್ಲಿನ ರಸ್ತೆಗಳನ್ನೂ ಶುಚಿತ್ವವನ್ನೂ ಹೊಗಳುವುದು ಸಹಜ. ಆದರೆ ಆ ನಗರದಿಂದ ಕಲಿಯತಕ್ಕ ಮುಖ್ಯ ಪಾಠ ಬೇರೆಯೇ ಇದೆ. ತನ್ನಲ್ಲಿರುವುದನ್ನು ಜೋಪಾನ ಮಾಡಿ, ಬಂದವರಿಗೂ ತನ್ನ ಮಕ್ಕಳಿಗೂ ಅಕ್ಕರೆಯಿಂದ ತೋರಿಸುವುದೇ ಆ ಪಾಠ.

ಮೆಲ್ಬರ್ನ್ ಹಳೆಯ ನಗರವೇನಲ್ಲ. ಯಾರಾ ನದಿಯ ದಂಡೆಯಲ್ಲಿ ಯುರೋಪಿನವರು ಬಂದು ನೆಲೆಯೂರಿದ್ದು ೧೮೩೫ರಲ್ಲಿ. ೧೮೫೧ರಲ್ಲಿ ಸುತ್ತಲ ಪ್ರದೇಶದಲ್ಲಿ ಚಿನ್ನ ಸಿಕ್ಕಿತು. ಊರು ಕೆಲವೇ ವರ್ಷಗಳಲ್ಲಿ ಶ್ರೀಮಂತವಾಯಿತು. ಆ ಸಂಪತ್ತಿನ ಒಂದು ಪಾಲು ಪುಸ್ತಕಕ್ಕೂ ಕಲೆಗೂ ಸಂದಿತೆಂಬುದು ಗಮನಾರ್ಹ. ೧೮೫೬ರಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ೧೮೬೧ರಲ್ಲಿ ಕಲಾಸಂಗ್ರಹಾಲಯ ಆರಂಭವಾಯಿತು. ೧೮೮೦ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಭವ್ಯ ಮಂದಿರ ೨೦೦೪ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ನೆಲದ ಮೂಲನಿವಾಸಿಗಳ ಸಾವಿರಾರು ವರ್ಷಗಳ ಬದುಕನ್ನು ಗೌರವದಿಂದ ನೆನೆಯಲು ನಗರ ಬಹಳ ತಡಮಾಡಿತೆಂಬ ಮಾತೂ ಸತ್ಯವೇ.

ಆ ನಗರದಿಂದ ಸುಮಾರು ನೂರ ಹತ್ತು ಕಿಲೋಮೀಟರು ದೂರದಲ್ಲಿ ಬ್ಯಾಲರಾಟ್ ಎಂಬ ಗಣಿಯೂರಿದೆ. ಚಿನ್ನದ ಕಾಲ ಮುಗಿದ ಮೇಲೆ ಆ ಊರಿನವರು ಹಳೆಯ ಗಣಿಯ ನೆಲದಲ್ಲಿ ೧೯೭೦ರಲ್ಲಿ ಒಂದು ಬಯಲು ವಸ್ತುಸಂಗ್ರಹಾಲಯವನ್ನು ತೆರೆದರು. ಅದರ ಹೆಸರು ಸಾವರಿನ್ ಹಿಲ್. ಅಲ್ಲಿ ಕಮ್ಮಾರನ ಕುಲುಮೆಯುಂಟು, ಸುರಂಗವುಂಟು, ಮರಳು ತೊಳೆದು ಚಿನ್ನದ ಕಣ ಹುಡುಕುವ ಹಳ್ಳವುಂಟು. ಶಾಲೆಯ ಮಕ್ಕಳು ಹಳೆಯ ಕಾಲದ ಉಡುಪು ತೊಟ್ಟು, ಆ ಕಾಲದ ಶಾಲೆಯಲ್ಲಿ ಕುಳಿತು ಪಾಠ ಕೇಳುತ್ತಾರೆ. ಮುಚ್ಚಿದ ಗಣಿ ಹೀಗೆ ಪಾಠಶಾಲೆಯಾಯಿತು.

ಈಗ ನಮ್ಮ ಊರಿನ ಕಡೆಗೆ ದೃಷ್ಟಿ ಹೊರಳಿಸೋಣ. ದಾವಣಗೆರೆಗೆ ಬಂದ ನೆಂಟರಿಗೆ ನಾವು ಬೆಣ್ಣೆದೋಸೆ ತಿನ್ನಿಸುತ್ತೇವೆ, ಮಂಡಕ್ಕಿ-ಮೆಣಸಿನಕಾಯಿ ಕೊಡಿಸುತ್ತೇವೆ, ಜವಳಿ ಅಂಗಡಿಗೆ ಕರೆದೊಯ್ಯುತ್ತೇವೆ. ಇವೆಲ್ಲವೂ ಊರಿನ ಸೊಗಸೇ. ಆದರೆ ನೋಡಲು ಇನ್ನೇನಿದೆ ಎಂದು ಅವರು ಕೇಳಿದರೆ, ‘ಇದು ವ್ಯಾಪಾರದ ಊರು, ನೋಡುವುದೇನೂ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಸರಿಯಲ್ಲ. ೧೯೦೬ರಲ್ಲಿ ಹರ್ಡೇಕರ ಮಂಜಪ್ಪನವರು ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದ್ದು ಈ ಊರಿನಿಂದ. ೧೯೧೩ರಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಅವರು ನಾಂದಿ ಹಾಡಿದ್ದು ಇಲ್ಲಿನ ವಿರಕ್ತಮಠದಲ್ಲಿ. ಕನ್ನಡ ಸಾಹಿತ್ಯ ಸಮ್ಮೇಳನ ೧೯೨೨ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ, ೧೯೯೨ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಇಲ್ಲಿ ನೆರವೇರಿತು. ಚಿಂದೋಡಿ ಲೀಲಾ ಅವರ ಕುಟುಂಬದ ಕೆ.ಬಿ.ಆರ್. ನಾಟಕ ಕಂಪನಿ ಈ ಊರಿನ ಹೆಸರನ್ನು ನಾಡಿನ ಮೂಲೆಮೂಲೆಗೂ ಒಯ್ದಿತು. ಅಂಚಿನಲ್ಲಿರುವ ಆನೆಕೊಂಡದ ಈಶ್ವರ ದೇವಾಲಯಕ್ಕೆ ಎಂಟು ಶತಮಾನಗಳಿಗೂ ಮೀರಿದ ವಯಸ್ಸು.

ಸುಮಾರು ಹದಿನಾಲ್ಕು ಕಿಲೋಮೀಟರು ಸಾಗಿದರೆ ಹರಿಹರ. ತುಂಗಭದ್ರೆಗೆ ಹರಿದ್ರಾ ನದಿ ಕೂಡುವ ಈ ಕ್ಷೇತ್ರಕ್ಕೆ ಶಾಸನಗಳಲ್ಲಿ ಕೂಡಲೂರು ಎಂಬ ಹೆಸರಿದೆ. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ ದಂಡನಾಥನು ೧೨೨೪ರಲ್ಲಿ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ೧೨೬೮ರಲ್ಲಿ ದಂಡನಾಯಕ ಸೋಮನು ಅದನ್ನು ವಿಸ್ತರಿಸಿದನು. ಬಲಭಾಗ ಶಿವ, ಎಡಭಾಗ ವಿಷ್ಣು ಆಗಿರುವ ಒಂದೇ ಮೂರ್ತಿ ಇಲ್ಲಿಯದು. ಮತಗಳ ಹೆಸರಿನಲ್ಲಿ ಮನಸ್ಸು ಕೆಡುವ ಕಾಲದಲ್ಲಿ ಈ ಶಿಲೆಯ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಬಲ್ಲ ಉಪಾಧ್ಯಾಯನಿಗೆ ಬೇರೆ ನೀತಿಪಾಠ ಬೇಕಿಲ್ಲ.

ಆ ದೇವಾಲಯದ ಕಂಬಗಳನ್ನು ನಿಧಾನವಾಗಿ ನೋಡಬೇಕು. ಕಲ್ಲನ್ನು ತಿರುಗಣೆಗೆ ಕಟ್ಟಿ ತಿರುಗಿಸಿ, ಉಳಿ ಹಿಡಿದು ಕಡೆದು ಇಂಥ ಕಂಬಗಳನ್ನು ರೂಪಿಸುತ್ತಿದ್ದರೆಂಬುದು ಕಲಾವಿದ್ವಾಂಸರ ಅಭಿಪ್ರಾಯ. ಅದೇ ಊರಿನಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಗಳನ್ನು ದೇಶಕ್ಕೆಲ್ಲ ಒದಗಿಸಿತು. ಏಳು ಶತಮಾನಗಳ ಅಂತರದಲ್ಲಿ ಒಂದೇ ನೆಲದಲ್ಲಿ ಒಂದೇ ತತ್ತ್ವದ ಎರಡು ಕೌಶಲಗಳು ಬೆಳಗಿದುವು! ಆ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ತಂದ ಹತ್ತಿಗಿರಣಿಗಳ ವೈಭವವೂ ಅಳಿಯಿತು. ಆ ಯಂತ್ರಗಳೊಡನೆ ದುಡಿದ ಕೈಗಳು ಇನ್ನೂ ನಮ್ಮ ಓಣಿಗಳಲ್ಲಿವೆ. ಇನ್ನು ಹತ್ತು ಹದಿನೈದು ವರ್ಷ ಕಳೆದರೆ ಹೇಳುವವರೂ ಇರಲಾರರು. ಹೋಗಲಿರುವುದು ಇದೇ.

ಹರಿದ್ರಾ ನದಿಯ ಜಾಡು ಹಿಡಿದು ಮೇಲಕ್ಕೆ ಹೋದರೆ ಶಾಂತಿಸಾಗರವೆಂದೂ ಹೆಸರಾದ ಸೂಳೆಕೆರೆ ಸಿಗುತ್ತದೆ. ಆ ಸೀಮೆಯಲ್ಲಿಯೇ ಸಂತೇಬೆನ್ನೂರಿನ ಪುಷ್ಕರಣಿಯಿದೆ. ಕೆರೆ, ನದಿ, ಗುಡಿ, ಗಿರಣಿ ಇವೆಲ್ಲ ಒಂದೇ ನೀರಿನ, ಒಂದೇ ಬದುಕಿನ ಕಥೆಯ ಅಧ್ಯಾಯಗಳು.

ಮೆಲ್ಬರ್ನಿಗೆ ಚಿನ್ನವಿತ್ತು, ನಮಗೇನಿದೆ ಎಂದು ಕೆಲವರು ಆಕ್ಷೇಪಿಸಬಹುದು. ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಉಪಾಧ್ಯಾಯರೂ ಕೇಳಬಹುದು. ಆದರೆ ಈ ಜಿಲ್ಲೆಯ ವಿದ್ಯಾಸಂಸ್ಥೆಗಳು ಚಿನ್ನದ ಗಣಿಯಿಂದ ಎದ್ದವಲ್ಲ. ವರ್ತಕರು, ರೈತರು, ಮಠಗಳು ಕೊಟ್ಟ ಕಾಣಿಕೆಯಿಂದ ಎದ್ದವು. ಅನ್ನ ಮತ್ತು ಅಕ್ಷರಕ್ಕೆ ಸಂದ ಆ ದಾಸೋಹಭಾವ ನೆನಪಿಗೂ ಸಲ್ಲಬೇಕು. ದೂರದ ಪ್ರವಾಸಕ್ಕೆ ವರ್ಷಕ್ಕೊಮ್ಮೆ ನಾಲ್ಕು ದಿನ ಮೀಸಲಿಡುವ ಶಾಲೆಗೆ ಹರಿಹರಕ್ಕಾಗಿ ಒಂದು ದಿನ ದೊರೆಯದೆ ಇರದು.

ಮಾಡಬೇಕಾದುದು ಸರಳವಾಗಿದೆ. ಪ್ರತಿಯೊಂದು ಶಾಲೆಯೂ ವರ್ಷದಲ್ಲಿ ಒಂದು ದಿನವನ್ನು ‘ಊರ ದರ್ಶನ’ಕ್ಕೆ ಮೀಸಲಿಡಲಿ. ಅಂದು ನಿವೃತ್ತ ಗಿರಣಿ ಕಾರ್ಮಿಕರೊಬ್ಬರು, ಲೇತ್ ನಡೆಸಿದ ಹಿರಿಯರೊಬ್ಬರು ಮಕ್ಕಳ ಜೊತೆಗಿರಲಿ. ಮಕ್ಕಳು ಅವರ ಮಾತನ್ನು ಬರೆದಿಡಲಿ. ಶಾಲೆಯ ಒಂದು ಕೊಠಡಿಯಲ್ಲಿ ಹಳೆಯ ಮಗ್ಗದ ಲಾಳಿ, ನಾಟಕದ ಕರಪತ್ರ, ಯಂತ್ರದ ಬಿಡಿಭಾಗ, ಹಳೆಯ ಛಾಯಾಚಿತ್ರ ಸಂಗ್ರಹವಾಗಲಿ. ದಾನಿಗಳಿಗೆ ಇದು ದೊಡ್ಡ ಭಾರವಲ್ಲ. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ತಮ್ಮ ಮಕ್ಕಳನ್ನು ಮೊದಲು ಇಲ್ಲಿಗೆ ಕರೆತರಲಿ.

ನಗರಕ್ಕೆ ಸಂಸ್ಕೃತಿಯ ಹೆಸರು ಬರುವುದು ಕಟ್ಟಡದ ಎತ್ತರದಿಂದ ಮಾತ್ರವಲ್ಲ, ಅಲ್ಲಿನ ಮಕ್ಕಳಿಗೆ ಆ ಕಟ್ಟಡದ ಕಥೆ ಎಷ್ಟು ಗೊತ್ತಿದೆ ಎಂಬುದರಿಂದ. ದೂರದ ನಗರವನ್ನು ಕಂಡು ಬಂದ ಕಣ್ಣು ಹತ್ತಿರದ ಊರನ್ನು ಹೊಸದಾಗಿ ನೋಡಲು ಕಲಿತರೆ ಆ ಪ್ರವಾಸ ಸಾರ್ಥಕವಾದೀತು.