ತಗಡಿನ ಡಬ್ಬಿಗೊಂದು ತೂತು

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಬಾಲ್ಕನಿಗೂ ಸಲ್ಲುತ್ತದೆ. ಜನಕಪುರಿಯ ಡಿ.ಡಿ.ಎ. ಮನೆಗಳಲ್ಲಿ ಕೆಳ ಅಂತಸ್ತಿನವರಿಗೆ ಅಂಗೈಯಗಲ ಅಂಗಳ ದೊರೆತರೆ ಅದೃಷ್ಟ. ಮೇಲಿನವರಿಗೆ ಬಟ್ಟೆ ಒಣಹಾಕಲು, ಕೂಲರ್ ನಿಲ್ಲಿಸಲು, ಹಳೆಯ ಸಾಮಾನು ಒಟ್ಟಲು ಇರುವುದೊಂದೇ ಬಾಲ್ಕನಿ. ಅದರಲ್ಲಿಯೇ ತೋಟವನ್ನೂ ಮಾಡಿರೆಂದರೆ ಗೃಹಿಣಿಯರು ನಕ್ಕಾರು. ಆದರೆ ಆ ಹಳೆಯ ಸಾಮಾನೇ ತೋಟವಾಗುವುದಾದರೆ? ಈ ಸಲ ಅದನ್ನೇ ವಿಚಾರ ಮಾಡೋಣ.

ಇದೇನೂ ಹೊಸ ಮಾತಲ್ಲ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದ ಮೇಲೆ, ಅದರ ಬರಿದಾದ ಡಬ್ಬಿಯಲ್ಲಿ ತುಳಸಿ ಬೆಳೆಸದ ಕೇರಿ ವಿರಳವಾಗಿತ್ತು. 1965ರ ಅನ್ನದ ಅಭಾವದ ದಿನಗಳಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಇದೇ ದೆಹಲಿಯಲ್ಲಿ ತಮ್ಮ ನಿವಾಸದ ಹುಲ್ಲುಹಾಸನ್ನು ಉಳಿಸಿ ಬಿತ್ತನೆ ಮಾಡಿಸಿದರು. ಬೆಂಗಳೂರಿನಲ್ಲಿ ಡಾ. ಬಿ. ಎನ್. ವಿಶ್ವನಾಥ್ ಅವರು ಮನೆಯ ತಾರಸಿಯ ಮೇಲೆ ಸಾವಯವ ತರಕಾರಿ ಬೆಳೆಯುವುದನ್ನು ಎಷ್ಟೋ ಮಂದಿಗೆ ಕಲಿಸಿದರು. ನಮಗೆ ಹುಲ್ಲುಹಾಸೂ ಇಲ್ಲ, ತಾರಸಿಯ ಮೇಲೆ ಪೂರ್ಣ ಹಕ್ಕೂ ಇಲ್ಲ. ಇರುವುದು ಡಬ್ಬಿ.

ಗುಮಾಸ್ತರಾದ ನಮಗೆ ಮೊದಲು ತೋರುವುದು ಲೆಕ್ಕ. ಚೆಂದದ ಕುಂಡ, ಪೊಟ್ಟಣದ ಮಣ್ಣು, ಬಾಟಲಿಯ ಗೊಬ್ಬರ ಇವನ್ನೆಲ್ಲ ಕೊಂಡು ನಾಲ್ಕು ಟೊಮೆಟೊ ಬೆಳೆದರೆ ಅದು ವಿನೋದವಾದೀತೇ ಹೊರತು ಮಿತವ್ಯಯವಾಗದು. ಚಳಿಗಾಲದ ದೆಹಲಿಯಲ್ಲಿ ಪಾಲಕ್, ಮೆಂತ್ಯ, ಮೂಲಂಗಿಗಳು ರಾಶಿ ರಾಶಿಯಾಗಿ ಬರುತ್ತವೆ. ಇಲ್ಲಿನವರು 'ಸೋಯಾ' ಎಂದು ಕೂಗಿ ಮಾರುವುದು ನಮ್ಮ ಸಬ್ಬಸಿಗೆಯೇ. ಇವುಗಳಿಗೆ ಡಬ್ಬಿಯ ಜಾಗ ಕೊಡಬೇಕಾಗಿಲ್ಲ. ಪೇಟೆಯಲ್ಲಿ ಸಿಕ್ಕದ್ದು, ಇಲ್ಲವೆ ದಿನಕ್ಕೆ ನಾಲ್ಕೆಲೆ ಮಾತ್ರ ಬೇಕಾದದ್ದು ನಮ್ಮ ತೋಟಕ್ಕೆ ಬರಲಿ. ಒಗ್ಗರಣೆಗೆ ಕರಿಬೇವು, ತಂಬುಳಿಗೆ ದೊಡ್ಡಪತ್ರೆ ಮತ್ತು ಒಂದೆಲಗ, ಹುಳಿಗೆ ಬಸಳೆ, ಪೂಜೆಗೆ ವೀಳ್ಯದೆಲೆ, ಈ ಐದು ಸಾಕು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ದೊಡ್ಡಪತ್ರೆಯ ಪರಿಮಳ ಗೊತ್ತಾಗಬೇಕಾದರೂ ಬೇರೆ ದಾರಿಯಿಲ್ಲ.

ಪಾತ್ರೆಗಳ ಮಾತಿಗೆ ಬರೋಣ. ಕರಿಬೇವಿಗೂ ಬಸಳೆಗೂ 15 ಲೀಟರಿನ ಎಣ್ಣೆಡಬ್ಬಿ ಒಪ್ಪುತ್ತದೆ. ದೊಡ್ಡಪತ್ರೆಗೆ 5 ಲೀಟರಿನದು ಸಾಕು. ಒಂದೆಲಗಕ್ಕೆ ಆಳ ಬೇಡ, ಅಗಲ ಬೇಕು. ಸೀಳಿದ ಹಳೆಯ ಟಬ್ಬು ಅದಕ್ಕೆಂದೇ ಮಾಡಿದಂತಿರುತ್ತದೆ. ಹಿಡಿ ಮುರಿದ ಬಕೆಟ್ಟು ವೀಳ್ಯದ ಬಳ್ಳಿಗಿರಲಿ. ಸಸಿ ಎಬ್ಬಿಸಲು ತೆಂಗಿನ ಕರಟಕ್ಕಿಂತ ಉತ್ತಮವಾದದ್ದಿಲ್ಲ. ಅದರ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಚುಚ್ಚಿದರೆ ತೂತು ಸಿದ್ಧ. ಆದರೆ ಕೀಟನಾಶಕ, ಫಿನಾಯಿಲ್, ಮೋಟಾರ್ ಎಣ್ಣೆಗಳ ಡಬ್ಬಿ ಸರ್ವಥಾ ಕೂಡದು. ಹಳೆಯ ಬಣ್ಣದ ಡಬ್ಬಿಯೂ ಬೇಡ. ಮನೆಬಣ್ಣದಲ್ಲಿ ಸೀಸವು 10 ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಡಬ್ಬಿಯಲ್ಲಿ ಏನಿತ್ತೆಂದು ಹೇಳುವವರಾರು?

ಇನ್ನು ಮುಖ್ಯವಾದ ಮಾತು. ಡಬ್ಬಿ ಕುಂಡವಾಗುವುದು ಮಣ್ಣು ತುಂಬಿದಾಗಲ್ಲ, ತಳದಲ್ಲಿ ತೂತು ಬಿದ್ದಾಗ. ಮೊಳೆಯನ್ನು ಒಳಗಿನಿಂದ ಹೊರಕ್ಕೆ ಹೊಡೆದು ನಾಲ್ಕೈದು ತೂತು ಮಾಡಿರಿ. ಹಾಗಾದರೆ ಅಂಚು ಹೊರಮುಖವಾಗಿ ನೀರು ಸರಾಗವಾಗಿ ಇಳಿಯುತ್ತದೆ. ಡಬ್ಬಿಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟರೆ ತಳ ಬೇಗ ತುಕ್ಕು ಹಿಡಿಯದು. ತೂತಿಲ್ಲದಿದ್ದರೆ ಬೇರು ಕೊಳೆಯುವುದಷ್ಟೇ ಅಲ್ಲ, ಮನೆಗೆ ಡೆಂಗ್ಯೂ ಬರುತ್ತದೆ. ಈ ಊರು 1996ರಲ್ಲಿ ಆ ಜ್ವರದಿಂದ 400ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 2015ರಲ್ಲಿ 15,000ಕ್ಕೂ ಹೆಚ್ಚು ಮಂದಿ ಅದರಿಂದ ಹಾಸಿಗೆ ಹಿಡಿದರು. ಅದನ್ನು ಹರಡುವ ಸೊಳ್ಳೆಗೆ ಚರಂಡಿ ಬೇಕಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರು ಸಾಕು. ಬೇಸಗೆಯ ಬಿಸಿಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ. ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ತೀರದು. ಮೊಟ್ಟೆಗಳು ಪಾತ್ರೆಯ ಒಳಬದಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ನಾರಿನಿಂದ ಉಜ್ಜಿ ಒಣಗಿಸಬೇಕು.

'ತಟ್ಟೆಯಿಡದಿದ್ದರೆ ಕೆಳಮನೆಯವರ ಬಟ್ಟೆಯ ಮೇಲೆ ಕೆಸರು ಬಿದ್ದು ಜಗಳವಾಗುತ್ತದೆಯಲ್ಲ?' ಎಂದೀರಿ. ನಿಜ. ತಟ್ಟೆಯಿಡಿರಿ, ಆದರೆ ಅದರ ತುಂಬ ದಪ್ಪ ಮರಳು ಹಾಕಿರಿ. ಸೋರಿದ ನೀರು ಮರಳಿನೊಳಗಿರುತ್ತದೆ, ಸೊಳ್ಳೆಗೆ ನಿಂತ ನೀರು ಸಿಕ್ಕದು, ನೆರೆಹೊರೆಯ ಸ್ನೇಹವೂ ಕೆಡದು. ಇನ್ನೊಂದು ಎಚ್ಚರ: ಒದ್ದೆಮಣ್ಣು ತುಂಬಿದ ದೊಡ್ಡ ಡಬ್ಬಿ 20 ಕಿಲೋ ಮೀರಿ ತೂಗುತ್ತದೆ. ಅದನ್ನು ಕಟ್ಟೆಯ ಮೇಲೆ ಏರಿಸದೆ ಗೋಡೆಯ ಬುಡದಲ್ಲಿಡಿರಿ.

ಗೊಬ್ಬರಕ್ಕೆ ಕಾಸು ಖರ್ಚಿಲ್ಲ. ಫೆಬ್ರವರಿ ಮಾರ್ಚಿಯಲ್ಲಿ ನಮ್ಮ ಉದ್ಯಾನಗಳ ಬೇವು, ಅರಳಿ ಎಲೆಯುದುರಿಸುತ್ತವೆ. ಅದನ್ನು ಸುಡುವವರಿಗೆ 5,000 ರೂಪಾಯಿ ದಂಡ ಹಾಕಬೇಕೆಂದು ಹಸಿರು ನ್ಯಾಯಮಂಡಲಿ 2015ರಲ್ಲಿಯೇ ಆಜ್ಞೆ ಮಾಡಿದೆ. ಅಕ್ಕಿಯ ಖಾಲಿ ಚೀಲದಲ್ಲಿ ತರಗೆಲೆ ತುಂಬಿ, ಆಗಾಗ ನೀರು ಚಿಮುಕಿಸಿ, ತರಕಾರಿ ಸಿಪ್ಪೆ ಸೇರಿಸಿ ಮೂಲೆಯಲ್ಲಿಟ್ಟರೆ ಆರೇಳು ತಿಂಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ. ಇದರ ಜೊತೆಗೆ ಸಮಪಾಲು ಮಣ್ಣು, ಸಮಪಾಲು ಬಿಡಿಸಿದ ತೆಂಗಿನ ನಾರು ಬೆರೆಸಿರಿ. ಅಕ್ಕಿ ತೊಳೆದ ನೀರನ್ನೂ ಏ.ಸಿ.ಯಿಂದ ತೊಟ್ಟಿಕ್ಕುವ ನೀರನ್ನೂ ಗಿಡಕ್ಕೆ ಹಾಕಬಹುದು. ಆರ್.ಒ. ಯಂತ್ರವು ಹೊರಚೆಲ್ಲುವ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪಿನಂಶ ಹೆಚ್ಚು.

ಬೀಜ ಸಸಿಗಳಿಗೂ ಅಂಗಡಿಗೆ ಹೋಗಬೇಕಾಗಿಲ್ಲ. ಚಿತ್ತರಂಜನ್ ಪಾರ್ಕಿನ ಬಂಗಾಳಿ ಮಾರುಕಟ್ಟೆಯಲ್ಲಿ 'ಪುಯಿ ಶಾಕ್' ಎಂದು ಸಿಕ್ಕುವುದು ಬಸಳೆ. ಎಲೆ ಹುಳಿಗೆ, ದಂಟು ಡಬ್ಬಿಗೆ. ಹೋಳಿ ಕಳೆದ ಮೇಲೆ ನೆಟ್ಟರೆ ಬೇಗ ಹಬ್ಬುತ್ತದೆ. ಕರಿಬೇವಿನ ಮಾಗಿದ ಕಪ್ಪು ಹಣ್ಣು ಸಿಕ್ಕಿದರೆ ತಿರುಳು ತೆಗೆದು ಕೂಡಲೆ ಬಿತ್ತಿರಿ; ಒಣಗಿಸಿಟ್ಟ ಬೀಜ ಬಹುಬೇಗ ಸತ್ವ ಕಳೆದುಕೊಳ್ಳುತ್ತದೆ. ಡಿಸೆಂಬರ್ ಜನವರಿಯ ಚಳಿಗೆ ಕರಿಬೇವು ಹಳದಿಯಾಗಿ ಎಲೆಯುದುರಿಸಿದರೆ ಗಿಡ ಸತ್ತಿತೆಂದು ಕಿತ್ತೆಸೆಯಬೇಡಿರಿ. ನೀರು ಕಡಮೆ ಮಾಡಿ ಕಾಯ್ದರೆ ಬೆಚ್ಚಗಾದೊಡನೆ ಚಿಗುರೀತು. ದೊಡ್ಡಪತ್ರೆ ಮಾತ್ರ ಚಳಿ ತಾಳದು. ರಾತ್ರಿ ಒಳಗೆ ತನ್ನಿರಿ.

ಕಡೆಯದಾಗಿ, ನಮ್ಮಂಥ ವಲಸಿಗರಿಗೇ ವಿಶೇಷವಾದ ಒಂದು ತೊಡಕುಂಟು. ಮಕ್ಕಳಿಗೆ ರಜ ಬಂದು ನಾವು ಊರಿಗೆ ಹೊರಡುವ ಮೇ ಜೂನ್ ತಿಂಗಳುಗಳೇ ಇಲ್ಲಿ ಲೂ ಬೀಸುವ ಕಾಲ. ಬಿಸಿಲಿಗೆ ತಗಡು ಕಾದು ಬೇರು ಬೇಯುತ್ತದೆ. ಹೊರಡುವ ಮುನ್ನ ಡಬ್ಬಿಗಳಿಗೆ ಗೋಣಿ ಸುತ್ತಿ, ನೆರಳಿನಲ್ಲಿ ಒಂದಕ್ಕೊಂದು ಒತ್ತಿಡಿರಿ. ನಡುವೆ ಎತ್ತರದಲ್ಲಿ ಒಂದು ಬಕೆಟ್ ನೀರಿಟ್ಟು, ಹಳೆಯ ಪಂಚೆಯ ಪಟ್ಟಿಗಳ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಮಣ್ಣಿನಲ್ಲಿರುವಂತೆ ಹೂಳಿರಿ. ಬಟ್ಟೆ ನೀರನ್ನು ತಾನೇ ಸಾಗಿಸುತ್ತದೆ. ಬಕೆಟ್ಟಿನ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟುವುದನ್ನು ಮರೆಯಬಾರದು, ಸೊಳ್ಳೆಗೆ ಅದೂ ತೊಟ್ಟಿಲೇ. ವಾರಕ್ಕೊಮ್ಮೆ ಬಕೆಟ್ ತುಂಬಲು ನೆರೆಯವರನ್ನು ಒಪ್ಪಿಸಿ, ಬರುವಾಗ ಅವರಿಗೆ ಊರಿನ ಹಪ್ಪಳ ತನ್ನಿರಿ. ಈ ಖರ್ಚನ್ನು ನಾವು ತೋಟದ ಲೆಕ್ಕಕ್ಕೆ ಬರೆಯುವುದಿಲ್ಲ.

ಸಂಘದ ಮುಂದಿನ ಕೂಟಕ್ಕೆ ಬರುವಾಗ ಮನೆಯಲ್ಲಿ ಹೆಚ್ಚಾಗಿರುವ ಒಂದು ಕಡ್ಡಿ ದೊಡ್ಡಪತ್ರೆಯನ್ನೋ ಒಂದು ಬಳ್ಳಿ ಒಂದೆಲಗವನ್ನೋ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ, ಇಲ್ಲದವರಿಗೆ ಅಲ್ಲಿಯೇ ಹಂಚಬಹುದು. ಮುಂದಿನ ಸಂಚಿಕೆಯಲ್ಲಿ ಹಿಟ್ಟುತಿಗಣೆಯ ಉಪಟಳವನ್ನೂ ಅದಕ್ಕೆ ಅಡಿಗೆಮನೆಯಲ್ಲಿರುವ ಮದ್ದನ್ನೂ ಕುರಿತು ಬರೆಯುತ್ತೇವೆ.