ಮಗುವಿನ ಚೀಲ ಹೊತ್ತು ಒಂದು ದಿನ ನಡೆಯೋಣ ಬನ್ನಿ

ಶಿಕಾರಿಪುರ, ಸೊರಬ ತಾಲ್ಲೂಕುಗಳ ತಾಯಂದಿರೇ, ತಂದೆಯರೇ, ಅಜ್ಜ ಅಜ್ಜಿಯರೇ, ಊರ ಶಾಲೆಯ ಹಳೆಯ ವಿದ್ಯಾರ್ಥಿಗಳೇ,

ಅರಳಿಕಟ್ಟೆಯ ಮೇಲೆ, ಹಾಲಿನ ಡೇರಿ ಮುಂದೆ, ಸಂತೆಗೆ ಹೋಗುವ ಬಸ್ಸಿನೊಳಗೆ ಈಗ ಇದೇ ಮಾತು. ದೊಡ್ಡ ಶಾಲೆ ಬರುತ್ತದಂತೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಎಲ್ಲ ಒಂದೇ ಕಡೆಯಂತೆ. ನಮ್ಮೂರಿನ ಶಾಲೆಯನ್ನು ಅದಕ್ಕೆ ಸೇರಿಸುತ್ತಾರಂತೆ, ಇನ್ನು ಮೇಲೆ ನಮ್ಮ ಮಕ್ಕಳು ಆ ಊರಿಗೇ ಹೋಗಬೇಕಂತೆ. ಇಷ್ಟೊಂದು ಅಂತೆಕಂತೆಗಳ ಮೇಲೆ ಮಕ್ಕಳ ಓದನ್ನು ಬಿಟ್ಟು ಸುಮ್ಮನೆ ಕೂರಲು ನಮ್ಮಿಂದ ಆಗಲಿಲ್ಲ. ಅದಕ್ಕೇ ಈ ಕರಪತ್ರ.

ಮೊದಲೇ ಹೇಳಿಬಿಡುತ್ತೇವೆ, ಹೊಸ ಹೈಸ್ಕೂಲು ಬೇಡ ಎನ್ನುವವರು ನಾವಲ್ಲ. ಲ್ಯಾಬ್ ಇರುವ ಶಾಲೆ, ಗಣಿತಕ್ಕೊಬ್ಬರು ಇಂಗ್ಲಿಷಿಗೊಬ್ಬರು ಮೇಷ್ಟ್ರು, ಹೆಣ್ಣುಮಕ್ಕಳಿಗೆ ನೀರು ಬರುವ ಶೌಚಾಲಯ ಯಾವ ತಾಯಿಗೆ ಬೇಡ? ಐದು ತರಗತಿಗೆ ಇಬ್ಬರೇ ಮೇಷ್ಟ್ರಿದ್ದು, ಅವರಲ್ಲೊಬ್ಬರು ಮೀಟಿಂಗಿಗೆ ಹೋದ ದಿನ ಶಾಲೆ ಹೇಗಿರುತ್ತದೆಂದು ನಾವು ಕಣ್ಣಾರೆ ಕಂಡಿದ್ದೇವೆ. 2025–26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ 2,500 ಕೋಟಿ ರೂಪಾಯಿ ವೆಚ್ಚದಲ್ಲಿ ಇಂಥ ದೊಡ್ಡ ಶಾಲೆಗಳನ್ನೇ, ಅಂದರೆ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮಾಡುವುದಾಗಿ ಸರ್ಕಾರ ಹೇಳಿತು. ಅದರಲ್ಲಿ ನಮ್ಮ ತಾಲ್ಲೂಕುಗಳ ಪಾಲು ಬರಲಿ, ಬೇಗ ಬರಲಿ.

ನಾವು ಕೇಳುತ್ತಿರುವುದು ದಾರಿಯ ಮಾತು. ಆ ಶಾಲೆಗೆ ನಮ್ಮ ಮಗು ಹೋಗುವುದು ಹೇಗೆ? ಸಂಜೆ ಮನೆಗೆ ಬರುವುದು ಎಷ್ಟು ಹೊತ್ತಿಗೆ?

ನಕ್ಷೆಯ ಮೇಲೆ ಒಂದು ಚುಕ್ಕೆ ಇಟ್ಟು ಸುತ್ತ ಗೆರೆ ಎಳೆದರೆ ಎಲ್ಲ ಊರೂ ಹತ್ತಿರವೇ. ಆ ಗೆರೆಗೆ ಹಳ್ಳ ಅಡ್ಡ ಬರುವುದಿಲ್ಲ, ಕೆರೆ ಏರಿ ಸುತ್ತಿ ಬರಬೇಕಾಗಿಲ್ಲ, ಕಾನು ದಾಟಬೇಕಾಗಿಲ್ಲ. ಚಂದ್ರಗುತ್ತಿ ಕಡೆಯ ಗುಡ್ಡದಲ್ಲಿ, ವರದೆ ದಂಡಾವತಿಯರ ಬಯಲಿನಲ್ಲಿ, ಅಂಜನಾಪುರ ಕೆರೆಯ ಕೆಳಗಿನ ಗದ್ದೆಗಳ ನಡುವೆ ಓಡಾಡಿದವರಿಗೆ ಗೊತ್ತು, ಬೇಸಿಗೆಯಲ್ಲಿ ಎರಡು ಕಿಲೋಮೀಟರ್ ಇದ್ದ ಊರು ಆಷಾಢದಲ್ಲಿ ಎಷ್ಟು ದೂರವಾಗುತ್ತದೆಂದು.

ನಮ್ಮ ಪೈಕಿ ಈ ಕರಪತ್ರ ಬರೆದ ನಾನು ನನ್ನ ಮಗಳ ಒಂದು ಸಂಜೆಯನ್ನು ಹೇಳುತ್ತೇನೆ. ಒಂಬತ್ತನೇ ತರಗತಿ. ಹಿಂದಿನ ಮಳೆಗಾಲ. ಸ್ಪೆಷಲ್ ಕ್ಲಾಸ್ ಮುಗಿಸಿ ಬಸ್ಸಿಗೆ ನಿಂತಳು. ತುಂಬಿದ್ದ ಬಸ್ಸು ನಿಲ್ಲಿಸದೆ ಹೋಯಿತು. ಮುಂದಿನದು ಬರಲೇ ಇಲ್ಲ. ಮಬ್ಬುಗತ್ತಲಲ್ಲಿ ನಡೆದು ಬಂದಳು. ದಾರಿಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು, ಒಳಗೆ ಹಂದಿ ಇದೆಯೋ ಮನುಷ್ಯರಿದ್ದಾರೋ ಕಾಣುವುದಿಲ್ಲ. ಹೊಲ ಮುಗಿಯುವವರೆಗೂ ಓಡಿದೆ ಎಂದಳು. ಚೀಲಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಹಾರಿಹೋಗಿ ವಿಜ್ಞಾನದ ನೋಟ್ಸು ನೆಂದು, ಶಾಯಿ ಹರಡಿ ಚಿತ್ರಗಳೆಲ್ಲ ನೀಲಿ ನೀರಾಗಿದ್ದವು. ರಾತ್ರಿ ಬಚ್ಚಲೊಲೆಯ ಮೇಲೆ ಸಾಕ್ಸಿನ ಪಕ್ಕದಲ್ಲೇ ಪುಸ್ತಕದ ಹಾಳೆ ಒಂದೊಂದಾಗಿ ಒಣಗಿಸಿದೆವು. ಮಾರನೆಯ ದಿನ ಅವಳು ಶಾಲೆಗೆ ಹೋಗಲಿಲ್ಲ, ನಾವೂ ಹೋಗು ಎನ್ನಲಿಲ್ಲ. ಶಾಲೆ ಬಿಡುವುದು ಶುರುವಾಗುವುದೇ ಹೀಗೆ, ಒಂದೊಂದೇ ದಿನವಾಗಿ. ಆಮೇಲೆ ಶುಂಠಿ ಕೀಳುವ ಕಾಲ ಬರುತ್ತದೆ, ಅಡಿಕೆ ಸುಲಿಯುವ ಕಾಲ ಬರುತ್ತದೆ, "ಇನ್ನೇನು, ಮನೆಯಲ್ಲೇ ಇರಲಿ ಬಿಡಿ" ಎನ್ನುವ ನೆಂಟರು ಬರುತ್ತಾರೆ.

ಕಾನೂನು ನಮ್ಮ ಕಡೆ ಇದೆ, ಅದನ್ನು ತಿಳಿದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ಅದರ ನಿಯಮಗಳು ಹೇಳುತ್ತವೆ. ಎಂಟನೇ ತರಗತಿಯೂ ಇದರೊಳಗೆ ಬರುತ್ತದೆ ಎಂಬುದನ್ನು ಗಮನಿಸಿ. ನಮ್ಮ ರಾಜ್ಯದಲ್ಲಿ ಎಷ್ಟೋ ಊರಿನ ಶಾಲೆ ಏಳಕ್ಕೇ ನಿಲ್ಲುತ್ತದೆ, ಎಂಟು ಹೈಸ್ಕೂಲಿನಲ್ಲಿರುತ್ತದೆ. ಹಾಗಾಗಿ ಹನ್ನೆರಡು ಹದಿಮೂರು ವರ್ಷದ ಮಗು ಕಾನೂನು ಕೊಟ್ಟ 3 ಕಿಲೋಮೀಟರ್ ಗಡಿಯನ್ನು ದಿನವೂ ದಾಟಿ ಹೋಗುತ್ತಿದ್ದರೂ ಯಾರೂ ಕೇಳುವುದಿಲ್ಲ. ಇದು ಹೊಸ ಬೇಡಿಕೆ ಏನಲ್ಲ, ಹದಿನೈದು ವರ್ಷ ದಾಟಿದ ಹಕ್ಕು. ಪ್ರವಾಹ, ಗುಡ್ಡಕುಸಿತ, ರಸ್ತೆ ಇಲ್ಲದಿರುವುದು, ಇಂಥ ಅಪಾಯವಿದ್ದ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕೆಂದು, ಶಾಲೆ ಇಲ್ಲದ ಸಣ್ಣ ಊರುಗಳಿಗೆ ಉಚಿತ ವಾಹನದಂಥ ವ್ಯವಸ್ಥೆ ಆಗಬೇಕೆಂದು ಕೇಂದ್ರದ 2010ರ ನಿಯಮಗಳಲ್ಲಿದೆ. ಒಂಬತ್ತು, ಹತ್ತಕ್ಕೆ ಈ ಕಾಯ್ದೆಯ ಆಸರೆ ಇಲ್ಲ. ಆದರೂ ಸಮಗ್ರ ಶಿಕ್ಷಣ ಯೋಜನೆಯಲ್ಲಿ ದೂರದಿಂದ ಬರುವ ಹೈಸ್ಕೂಲು ಮಕ್ಕಳಿಗೂ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ನೆರವಿಗೆ ಅವಕಾಶ ಮಾಡಲಾಗಿದೆ. ನಿಮ್ಮೂರಿನ ಎಷ್ಟು ಮಕ್ಕಳಿಗೆ ಅದು ಸಿಕ್ಕಿದೆ, ಕೇಳಿ ನೋಡಿ.

ಬಸ್ ಫ್ರೀ ಇದೆಯಲ್ಲ ಎನ್ನುವವರಿಗೂ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ನಿಜ, ನಮ್ಮ ಹೆಣ್ಣುಮಕ್ಕಳಿಗೆ ಉಪಕಾರವಾಗಿದೆ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚು ಖಾಸಗಿ ಬಸ್ಸು, ಅಲ್ಲಿ ದುಡ್ಡು ಕೊಡಲೇಬೇಕು. ಬಸ್ಸೇ ಬಾರದ ಊರಿನ ಗಂಡುಹುಡುಗನಿಗಂತೂ ಈ ಯೋಜನೆಯಿಂದ ಏನೂ ಇಲ್ಲ. ಸೈಕಲ್ಲಾದರೂ ಇತ್ತು. 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಹಣಕಾಸು ಖಾತೆ ಶಿಕಾರಿಪುರದವರೇ ಆದ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿತ್ತು. ಬೆಳಿಗ್ಗೆ ಸಾಲಾಗಿ ಸೈಕಲ್ ತುಳಿದು ಹೋಗುತ್ತಿದ್ದ ಹುಡುಗಿಯರು ನಮ್ಮ ರಸ್ತೆಗಳ ಚಹರೆಯನ್ನೇ ಬದಲಾಯಿಸಿದ್ದರು. ಕೊರೊನಾ ಕಾಲಕ್ಕೆ ಅದೂ ನಿಂತಿತು.

ನಮ್ಮ ನೆಲಕ್ಕೆ ಈ ಸಂಕಟ ಅರ್ಥವಾಗದ್ದಲ್ಲ. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವ್ಯಾಕರಣದಿಂದ ಹಿಡಿದು ದರ್ಶನಗಳವರೆಗೆ ಪಾಠವೂ ನಡೆಯುತ್ತಿತ್ತು, ದಿಕ್ಕಿಲ್ಲದವರಿಗೆ ಅನ್ನವೂ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಅನ್ನ ಮತ್ತು ಅಕ್ಷರ ಒಂದೇ ಸೂರಿನಡಿ. ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯಲ್ಲಿ ಓದಿದವರಿಗೆ ಕೃಪಾಂಕ ಕೊಟ್ಟರು. ಹಳ್ಳಿಯ ಮಗು ಎಷ್ಟು ಕಷ್ಟಪಟ್ಟು ಓದುತ್ತದೆಂಬುದಕ್ಕೆ ಅದು ಲೆಕ್ಕ ಇಟ್ಟಂತೆ. ಇಂದು ಶಾಲಾ ಶಿಕ್ಷಣ ಸಚಿವರಾಗಿರುವ ಮಧು ಬಂಗಾರಪ್ಪನವರು ಸೊರಬದ ಶಾಸಕರು. ನಮ್ಮ ಮಾತು ಮುಟ್ಟಲು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ಕೇಳಿದರೆ ಆಗುತ್ತದೆ ಎನ್ನುವುದಕ್ಕೂ ನೆನಪು ಬೇಕು. 2018ರ ಜುಲೈ ಬಜೆಟ್‌ನಲ್ಲಿ 28,847 ಶಾಲೆಗಳನ್ನು ಹತ್ತಿರದ 8,530 ಶಾಲೆಗಳಲ್ಲಿ ವಿಲೀನ ಮಾಡುವ ಮಾತು ಬಂದಾಗ ಸಾಹಿತಿಗಳು, ಪೋಷಕರು, ಕನ್ನಡ ಸಂಘಟನೆಯವರು ಎದ್ದು ನಿಂತರು, ಸರ್ಕಾರ ಕೈ ಹಿಂದೆಗೆಯಿತು. ಈಗಲೂ ಯಾವ ಕನ್ನಡ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ಸಂತೋಷ. ಆ ಮಾತು ನಮ್ಮ ನಮ್ಮ ಊರಿನ ಶಾಲೆಯ ಹೆಸರು ಹಾಕಿ, ಬರವಣಿಗೆಯಲ್ಲಿ ಬರಲಿ. ಮಕ್ಕಳನ್ನೆಲ್ಲ ಬೇರೆಡೆಗೆ ಕಳಿಸಿ, ಬೀಗ ಮಾತ್ರ ಹಾಕದೆ ಇಟ್ಟರೆ ಅದನ್ನು ಶಾಲೆ ಎನ್ನಲಾದೀತೇ? ಎಷ್ಟೋ ಊರುಗಳಲ್ಲಿ ಶಾಲೆಯ ಜಾಗ ನಮ್ಮ ಹಿರಿಯರು ಬಿಟ್ಟುಕೊಟ್ಟಿದ್ದು.

ನಮ್ಮ ಬೇಡಿಕೆ ಇಷ್ಟು. ಐದನೇ ತರಗತಿವರೆಗಿನ ಮಕ್ಕಳನ್ನು ಊರಿನಿಂದ ಕದಲಿಸಬೇಡಿ. ಏಳರವರೆಗೆ ಇರುವ ಶಾಲೆಗೆ ಎಂಟನ್ನು ಸೇರಿಸಿ, ಮೇಷ್ಟ್ರನ್ನು ಕೊಡಿ. ಹೊಸ ಹೈಸ್ಕೂಲು ಎಲ್ಲಿ ಎಂಬುದನ್ನು ಮಕ್ಕಳು ನಡೆಯುವ ದಾರಿ ಅಳೆದು ತೀರ್ಮಾನಿಸಿ. ಶಾಲೆಯ ಹೊತ್ತಿಗೆ ಹೊಂದುವ ಬಸ್ಸು ಮೊದಲು ಒಂದು ಮಳೆಗಾಲ ಪೂರ್ತಿ ಓಡಲಿ, ಆಮೇಲೆ ಶಾಲೆಯ ವ್ಯಾಪ್ತಿ ಬದಲಿಸುವ ಮಾತು. ಸೈಕಲ್ ಮತ್ತೆ ಕೊಡಿ.

ಈಗ ನಾವು ಮಾಡಬೇಕಾದದ್ದು. ಬರುವ ಭಾನುವಾರ ಪ್ರತಿ ಊರಿನಿಂದ ಹತ್ತು ಜನ ಪೋಷಕರಾದರೂ ಹೊರಡಿ. ನಿಮ್ಮ ಮಕ್ಕಳನ್ನು ಕಳಿಸಬೇಕೆಂದು ಹೇಳುತ್ತಿರುವ ಶಾಲೆಯವರೆಗೆ, ಮಗುವಿನ ಪುಸ್ತಕ ತುಂಬಿದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು, ಮಗುವಿನ ಜೊತೆ ಮಗುವಿನ ನಡಿಗೆಯಲ್ಲೇ ನಡೆಯಿರಿ. ಹೊರಟ ಹೊತ್ತು, ಮುಟ್ಟಿದ ಹೊತ್ತು ಬರೆದುಕೊಳ್ಳಿ. ಎಲ್ಲಿ ಹಳ್ಳ, ಎಲ್ಲಿ ದೀಪವಿಲ್ಲ, ಎಲ್ಲಿ ಲಾರಿ ಓಡಾಡುವ ರಸ್ತೆ, ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲ ಬರೆಯಿರಿ.

ಆ ಹಾಳೆಯನ್ನು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಗೆ ತನ್ನಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕೆಂದು ಕಾಯ್ದೆಯೇ ಹೇಳಿದೆ, ಹಾಗಾಗಿ ತಾಯಂದಿರು ಹಿಂದೆ ನಿಲ್ಲಬೇಡಿ. ಅಲ್ಲಿ ಠರಾವು ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಖಾಲಿ ಹಾಳೆಗೆ ಯಾರೂ ಸಹಿ ಹಾಕಬೇಡಿ. ಅದೇ ಠರಾವನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿ ಪುಸ್ತಕಕ್ಕೆ ಸೇರಿಸಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ದಾರಿಯ ಕಥೆ ಹೇಳಲಿ. ನಂತರ ಎಲ್ಲ ಊರಿನ ಪ್ರತಿಗಳನ್ನು ಒಟ್ಟು ಮಾಡಿ ಶಿಕಾರಿಪುರ, ಸೊರಬದ ಬಿಇಒ ಕಚೇರಿಗಳಿಗೆ ಹೋಗಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರೋಣ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮೂರ ಶಾಲೆಯ ಗೇಟಿನ ಹತ್ತಿರ ಸೇರಿ. ಮಳೆ ಬಂದರೂ ನಡಿಗೆ ನಿಲ್ಲಿಸಬೇಡಿ, ಮಳೆ ಬಂದ ದಿನದ ಲೆಕ್ಕವೇ ನಮಗೆ ಬೇಕಾದದ್ದು.

ಇಂತಿ,
ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸರ್ಕಾರಿ ಶಾಲಾ ಮಕ್ಕಳ ಪೋಷಕರು