ಸ್ಕ್ಯಾನಿನಲ್ಲಿ ಕಾಣದ ರೋಗ

'ಸ್ಕ್ಯಾನಿನಲ್ಲಿ ಏನೂ ಇಲ್ಲ, ಮನೆಗೆ ಹೋಗಿ' ಎಂಬ ಮಾತನ್ನು ನಾವು ಎಷ್ಟು ವಿಧೇಯತೆಯಿಂದ ಒಪ್ಪಿಕೊಳ್ಳುತ್ತೇವೆ! ಪ್ಯಾರಾಥೈರಾಯ್ಡ್ ರೋಗದ ಮಟ್ಟಿಗಂತೂ ಈ ವಿಧೇಯತೆ ಅಪಾಯಕಾರಿ. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂಬದಿ ಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಕೆಲಸ. ಒಂದರಲ್ಲಿ ಗಡ್ಡೆ ಬೆಳೆದರೂ ಮೂಳೆ ಸವೆಯುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ. ನಾವೋ, 'ವಯಸ್ಸಾಯಿತಲ್ಲ' ಎಂದು ನೋವಿನ ಮಾತ್ರೆ ನುಂಗಿಸುತ್ತೇವೆ.

ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಆರಡಿ ಮೀರಿದ ಆಳು. ಈ ರೋಗದಿಂದ ಏಳು ಇಂಚು ಕುಗ್ಗಿಹೋದ. ಆರು ಬಾರಿ ಶಸ್ತ್ರಕ್ರಿಯೆ ಮಾಡಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೆಯ ಬಾರಿ ಸಿಕ್ಕಿತು, ಅದೂ ಎದೆಗೂಡಿನೊಳಗೆ! ಕೆಲವೇ ವಾರಗಳಲ್ಲಿ ಆತ ತೀರಿಕೊಂಡ. ಇಂದು ಸೆಸ್ಟಾಮಿಬಿ ಸ್ಕ್ಯಾನ್, ಅಲ್ಟ್ರಾಸೌಂಡ್, ಸಿ.ಟಿ.ಗಳು ಇಂಥ ಗಡ್ಡೆಯ ಜಾಗವನ್ನು ಮೊದಲೇ ತೋರಿಸಬಲ್ಲವು. ಹಾಗಾಗಿ ಇಡೀ ಕುತ್ತಿಗೆ ಜಾಲಾಡದೆ ಸಣ್ಣ ಗಾಯದಲ್ಲೇ ಅದನ್ನು ತೆಗೆಯಬಹುದು. ದೊಡ್ಡ ಉಪಕಾರವೇ ಸರಿ.

ಆದರೆ ರೋಗ ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ರಕ್ತ. ಕ್ಯಾಲ್ಸಿಯಂ ಮತ್ತು ಪಿ.ಟಿ.ಎಚ್. ಎರಡನ್ನೂ ಒಟ್ಟಿಗೆ ನೋಡಬೇಕು. ಸ್ಕ್ಯಾನ್ ಹೇಳುವುದು 'ಎಲ್ಲಿದೆ' ಎಂದಷ್ಟೇ. ತೀರಾ ಸಣ್ಣ ಗಡ್ಡೆ ಅದರ ಕಣ್ಣು ತಪ್ಪಿಸುತ್ತದೆ. ಹಲವು ಗ್ರಂಥಿಗಳು ಒಟ್ಟಿಗೆ ಊದಿಕೊಂಡಾಗಲೂ ಅದು ಮೋಸಹೋಗುತ್ತದೆ. ರಕ್ತ 'ಇದೆ' ಎಂದ ಮೇಲೆ ಸ್ಕ್ಯಾನ್ ಸುಮ್ಮನಿದ್ದರೂ, ನಾಲ್ಕೂ ಗ್ರಂಥಿಗಳನ್ನು ಹುಡುಕಬಲ್ಲ ಪಳಗಿದ ಸರ್ಜನ್ನರ ಬಳಿ ರೋಗಿಯನ್ನು ಕಳಿಸಬೇಕಲ್ಲದೆ ಮನೆಗಲ್ಲ. ಸ್ಕ್ಯಾನಿಗೆಂದು ಸಾಲ ಮಾಡುವ ಮುನ್ನ 'ಆ ರಕ್ತಪರೀಕ್ಷೆ ಆಯಿತೇ ಡಾಕ್ಟ್ರೇ?' ಎಂದು ಕೇಳಲು ನಮಗೇಕೆ ಇಷ್ಟು ಅಂಜಿಕೆ?